ಆರು ಮಂದಿ ಅಂಬಿಗರು, ದಾಟದ ಹೊಳೆ

ನಮ್ಮ ಕಡೆ ಕ್ಯಾನ್ಸರ್ ರೋಗಿಗೆ ದಾರಿ ತೋರಿಸುವವರೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಗಳಗನಾಥದಿಂದ ಹೊರಟವನಿಗೆ ಗುತ್ತಲ ಮುಟ್ಟುವುದರೊಳಗೆ ಮೂವರು ಸಿಗುತ್ತಾರೆ, ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಷ್ಟರಲ್ಲಿ ಇನ್ನೂ ಮೂವರು. ಅಮೆರಿಕದವರು ಪಾಪ, ಈ ಕೆಲಸಕ್ಕೆಂದೇ ನರ್ಸ್ ನ್ಯಾವಿಗೇಟರ್ ಎಂಬ ಹುದ್ದೆ ಮಾಡಿ, ತರಬೇತಿ ಕೊಟ್ಟು, ಮೇಲೆ ಸಂಬಳವನ್ನೂ ಕೊಡುತ್ತಾರಂತೆ. ನಮ್ಮಲ್ಲಿ ಅದೆಲ್ಲ ದಂಡ. ಕಮಿಷನ್ ಇದ್ದರೆ ಸಾಕು, ನಡೆಯುತ್ತದೆ.

ಗೋವಿನಜೋಳ ಬೆಳೆಯುವ ಒಬ್ಬ ರೈತ ಎಂದಿಟ್ಟುಕೊಳ್ಳಿ. ಐವತ್ತರ ಆಸುಪಾಸು. ಗಲ್ಲದ ಒಳಗೆ ಮೂರು ತಿಂಗಳಿಂದ ಮಾಯದ ಹುಣ್ಣು, ಬಾಯಿ ತೆರೆದರೆ ಎರಡು ಬೆರಳೂ ಹೋಗುವುದಿಲ್ಲ. ಕಾರಣ ಹುಡುಕಲು ಲ್ಯಾಬು ಬೇಡ, ಪಾನ್‌ಶಾಪಿನ ಮುಂದೆ ತೋರಣ ಕಟ್ಟಿದೆ. ರಾಜ್ಯದಲ್ಲಿ ಗುಟಕಾ 2013ರಲ್ಲೇ ನಿಷೇಧವಾಯಿತು. ಹೀಗಾಗಿ ಕಾನೂನಿಗೆ ಅಂಜುವ ಅಂಗಡಿಯವ ಪಾನ್ ಮಸಾಲೆಯ ಪಾಕೀಟು ಬೇರೆ, ತಂಬಾಕಿನ ಪಾಕೀಟು ಬೇರೆ ಕೊಡುತ್ತಾನೆ. ಎರಡನ್ನೂ ಬೆರೆಸುವ ಹೊಣೆ ಗಿರಾಕಿಯದು. ಸರಕಾರದ ಆದೇಶವನ್ನು ಅಂಗೈಯಲ್ಲಿ ಕಲಸಿ ದವಡೆಯಲ್ಲಿ ಇಟ್ಟುಕೊಳ್ಳುವ ಸೌಲಭ್ಯ ಇದು.

ಮೊದಲನೆಯ ಮಾರ್ಗದರ್ಶಿ ಔಷಧಿ ಅಂಗಡಿಯವನು. "ಉಷ್ಣ ಆಗೇತಿ ಕಾಕಾ, ಬಿ ಕಾಂಪ್ಲೆಕ್ಸ್ ತಗೋರಿ." ಒಂದು ತಿಂಗಳು ಹೋಯಿತು. ಎರಡನೆಯವರು ಕಟ್ಟೆಯ ಮೇಲಿನ ಹಿರಿಯರು. "ತುಂಡು ತಗಸಬ್ಯಾಡೋ ತಮ್ಮಾ, ಕತ್ತರಿ ತಾಗಿದ್ರ ಮೈತುಂಬ ಹಬ್ಬತೈತಿ." ಬಯಾಪ್ಸಿ ಮಾಡದೆ ರೋಗ ಯಾವುದೆಂದೇ ತಿಳಿಯುವುದಿಲ್ಲ, ತುಂಡು ತೆಗೆದ ಮಾತ್ರಕ್ಕೆ ಅದು ಹಬ್ಬುವುದೂ ಇಲ್ಲ ಎಂದು ಆ ಕಟ್ಟೆಗೆ ಬಂದು ಹೇಳುವವರು ಯಾರು? ಮೂರನೆಯವನು ನಾಟಿ ಔಷಧಿಯ ಬಲ್ಲಿದ. ಸಾಗರ ತಾಲೂಕಿನ ನರಸೀಪುರಕ್ಕೆ ತೊಗಟೆ ತರಲು ಯಾವ ಬಸ್ಸು, ಎಲ್ಲಿ ಇಳಿಯಬೇಕು, ಎಷ್ಟು ಹೊತ್ತಿಗೆ ಪಾಳಿ ಹಚ್ಚಬೇಕು, ಎಲ್ಲ ಅವನ ಬಾಯಲ್ಲಿದೆ. ಸರಕಾರಿ ಆಸ್ಪತ್ರೆಯ ಕ್ಯಾನ್ಸರ್ ವಿಭಾಗದ ಬಗ್ಗೆ ಇಷ್ಟು ಖಚಿತವಾಗಿ ಹೇಳಬಲ್ಲ ಒಬ್ಬ ಮನುಷ್ಯ ಜಿಲ್ಲೆಯಲ್ಲಿ ಸಿಕ್ಕರೆ ಅವನಿಗೆ ನಮ್ಮೂರ ಏಲಕ್ಕಿ ಹಾರ ಹಾಕಬೇಕು.

ನಾಲ್ಕನೆಯವರು ಪಂಚಾಯತಿ ಮೆಂಬರು. ಶಾಸಕರ ಪತ್ರ ಕೊಡಿಸುತ್ತಾರೆ. ರೋಗ ಯಾವ ಹಂತದಲ್ಲಿದೆ ಎಂಬುದು ಪತ್ರದಲ್ಲಿ ಇರುವುದಿಲ್ಲ, ರೋಗಿ ಯಾವ ಬೂತಿನವನು ಎಂಬುದು ಮಾತ್ರ ಪಿಎಗೆ ಗೊತ್ತಿರುತ್ತದೆ. ಐದನೆಯವನು ಬಾಡಿಗೆ ಗಾಡಿಯ ಚಾಲಕ. ಅವನ ಸ್ಟೇರಿಂಗು ಕಮಿಷನ್ ಕೊಡುವ ನರ್ಸಿಂಗ್ ಹೋಮಿನ ಕಡೆಗೇ ಹೊರಳುತ್ತದೆ. ಆರನೆಯವನು ದೊಡ್ಡಾಸ್ಪತ್ರೆಯ ಗೇಟಿನ ಎದುರಿನ ಚಾದಂಗಡಿಯವನು. ನಿಜ ಹೇಳುತ್ತೇನೆ, ಆರು ಮಂದಿಯಲ್ಲಿ ಇವನೊಬ್ಬನೇ ನಂಬಿಗಸ್ತ. "ಎಂಟರೊಳಗ ಚೀಟಿ ಮಾಡಸ್ರಿ, ರೇಷನ್ ಕಾರ್ಡ್ ಒಂದಲ್ಲ, ನಾಕು ಜೆರಾಕ್ಸ್ ಇಟ್ಕೊಳ್ರಿ, ಸ್ಕ್ಯಾನಿಂಗ್ ಐತಿ ಅಂದ್ರ ಉಪ್ಪಿಟ್ಟು ತಿನಬ್ಯಾಡ್ರಿ." ತನ್ನ ಉಪ್ಪಿಟ್ಟನ್ನು ತಾನೇ ಬೇಡ ಎನ್ನುವ ವ್ಯಾಪಾರಿ! ಆರೋಗ್ಯ ಇಲಾಖೆ ಮೊದಲು ಇವನನ್ನು ಕಾಯಂ ಮಾಡಬೇಕು.

ಹಾಗಂತ ಸರಕಾರ ಏನೂ ಮಾಡಿಲ್ಲವೆಂದರೆ ನಾಲಿಗೆ ಸೀಳೀತು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. 2025ರಲ್ಲಿ ರಾಜ್ಯದ 16 ಕಡೆ ಡೇ ಕೇರ್ ಕಿಮೊಥೆರಪಿ ಕೇಂದ್ರಗಳಿಗೆ ಟೇಪು ಕತ್ತರಿಸಿದರು. ಚಿಕಿತ್ಸೆಗೆ ಹೋಗಿಬರುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಬೋಗಿಯಲ್ಲಿ ಪೂರ್ತಿ ರಿಯಾಯಿತಿ ಉಂಟು, ಜೊತೆಗೆ ಹೋಗುವ ಒಬ್ಬರಿಗೆ ನೂರಕ್ಕೆ 75 ರಿಯಾಯಿತಿ ಉಂಟು, ಆಸ್ಪತ್ರೆಯ ಸರ್ಟಿಫಿಕೇಟು ಬೇಕು ಅಷ್ಟೆ. ಎಲ್ಲವೂ ಇದೆ. ಇದೆ ಎಂದು ರೋಗಿಗೆ ಹೇಳುವವರಿಗೆ ಮಾತ್ರ ಬಜೆಟ್ಟಿನಲ್ಲಿ ತಲೆಬರಹವಿಲ್ಲ.

ಯೋಜನೆಯ ಕೌಂಟರಿನಲ್ಲಿ ಆರೋಗ್ಯ ಮಿತ್ರ ಎಂಬೊಬ್ಬರು ಕೂತಿರುತ್ತಾರಲ್ಲ ಎನ್ನಬಹುದು. ಇರುತ್ತಾರೆ. ಅವರ ಮೈತ್ರಿ ಕಾರ್ಡಿನ ನಂಬರು, ಪ್ಯಾಕೇಜಿನ ಕೋಡು, ಒಪ್ಪಿಗೆ ಬಂತೋ ಇಲ್ಲವೋ ಎಂಬುದರ ಜೊತೆಗೆ. ಅದು ಅವರ ತಪ್ಪಲ್ಲ, ಕೊಟ್ಟ ಕೆಲಸವೇ ಅಷ್ಟು.

ನಮ್ಮ ರೋಗಿ ಹೊರಟ ಗಳಗನಾಥದ ಹೆಸರನ್ನೇ ಇಟ್ಟುಕೊಂಡ ಕಾದಂಬರಿಕಾರ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರ ಊರಿನ ರೋಗಿ ಆ ಪರಂಪರೆಯನ್ನು ಇನ್ನೂ ಬಿಟ್ಟಿಲ್ಲ, ಫೈಲು ಹೊತ್ತು ತಿರುಗುತ್ತಾನೆ. ಫೈಲಿನೊಳಗೆ ಏನಿರಬೇಕು ಎಂಬುದು ಮಾತ್ರ ಧಾರಾವಾಹಿಯಂತೆ ಕಂತುಕಂತಾಗಿ ತಿಳಿಯುತ್ತದೆ. ಮೊದಲ ಆಸ್ಪತ್ರೆಯವರು ತುಂಡು ತೆಗೆದು ರಿಪೋರ್ಟು ಕೊಟ್ಟರು. ಎರಡನೆಯವರು "ರಿಪೋರ್ಟ್ ಸಾಲೂದಿಲ್ಲ, ಬ್ಲಾಕ್ ತರ್ರಿ" ಎಂದರು. ಬ್ಲಾಕ್ ಎಂದರೆ ಅವನಿಗೆ ಗೊತ್ತಿರುವುದು ಬ್ಲಾಕ್ ಕಾಂಗ್ರೆಸ್ಸು. ಬೆರಳ ತುದಿಯಷ್ಟು ಮಾಂಸದ ಚೂರನ್ನು ಮೇಣದಲ್ಲಿ ಕೂರಿಸಿ, ಸಣ್ಣ ಪ್ಲಾಸ್ಟಿಕ್ ಚೌಕಟ್ಟಿನ ಅಂಚಿಗೆ ನಂಬರು ಬರೆದಿಡುವ ವಸ್ತು ಅದು. ಮತ್ತೆ ಪರೀಕ್ಷೆ ಮಾಡಬೇಕೆಂದರೆ ಅದೇ ಬೇಕು. ಸರಿ, ಮತ್ತೆ ಹಳೆಯ ಆಸ್ಪತ್ರೆ, ಮತ್ತೆ ಅರ್ಜಿ, ಲ್ಯಾಬಿನವರು ಊಟಕ್ಕೆ ಹೋಗಿದ್ದಾರೆ, ನಾಳೆ ಬನ್ನಿ. ಶಕ್ತಿ ಯೋಜನೆಯಿಂದ ಹೆಂಡತಿಗೆ ಬಸ್ಸು ಉಚಿತ. ರೋಗ ಗಂಡನಿಗೆ ಬಂದಿದೆ, ಹಾಗಾಗಿ ಟಿಕೇಟು.

ಬ್ಲಾಕು ಬಂತು, "ಕರೆಂಟು ಕೊಡುವ" ತಾರೀಖೂ ಸಿಕ್ಕಿತು. ಆ ದಿನ ಹೋದರೆ ಬಾಯಿ ನೋಡಿ, "ಹುಳುಕ ಹಲ್ಲು ಕೀಳಸ್ಲಿಲ್ಲೇನ್ರಿ?" ಎಂದರು. ಬಾಯಿಗೆ ರೇಡಿಯೇಶನ್ ಕೊಡುವ ಮೊದಲೇ ಕೆಟ್ಟ ಹಲ್ಲು ತೆಗೆಸಿ ಗಾಯ ಮಾಯಬೇಕು. ಆಮೇಲೆ ಕಿತ್ತರೆ ದವಡೆಯ ಮೂಳೆಗೇ ಕುತ್ತು. ಹದಿನೈದು ದಿನ ಮುಂದಕ್ಕೆ. ಈ ಒಂದು ವಾಕ್ಯವನ್ನು ಮೊದಲ ದಿನವೇ ಹೇಳಲು ಎಂ.ಡಿ. ಬೇಕಿಲ್ಲ, ಯಂತ್ರ ಬೇಕಿಲ್ಲ. ತಿಳಿದ ಒಬ್ಬ ಸಿಸ್ಟರು, ಒಂದು ಫೋನು, ಹತ್ತು ನಿಮಿಷ ಬೇಕು. ಕಿಮೊ ಹಾಕಿಸಿಕೊಂಡು ಊರಿಗೆ ಹೋದವನಿಗೆ ಜ್ವರ ನೂರು ದಾಟಿದರೆ ಕ್ರೋಸಿನ್ ನುಂಗಿ ಮಲಗಬಾರದು, ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕು ಎಂಬುದೂ ಅಂಥದೇ ಮಾತು. ರಕ್ತದ ಬಿಳಿಕಣ ಬಿದ್ದುಹೋದಾಗ ಸೋಂಕು ಬೆಳಗಿನವರೆಗೆ ಕಾಯುವುದಿಲ್ಲ.

ನ್ಯೂಯಾರ್ಕಿನ ಹಾರ್ಲೆಮ್ ಆಸ್ಪತ್ರೆಯ ಸರ್ಜನ್ ಹೆರಾಲ್ಡ್ ಫ್ರೀಮನ್ 1990ರಲ್ಲಿ ಬಡ ರೋಗಿಗಳಿಗೆ ಹೀಗೆ ಕೈಹಿಡಿದು ನಡೆಸುವವರನ್ನು ನೇಮಿಸಿದರು. ಅಲ್ಲಿ ಸ್ತನ ಕ್ಯಾನ್ಸರಿನ ಮಹಿಳೆಯರಲ್ಲಿ ಐದು ವರ್ಷ ಬದುಕುಳಿಯುತ್ತಿದ್ದವರು ನೂರಕ್ಕೆ 39. ಕಡಿಮೆ ಖರ್ಚಿನ ತಪಾಸಣೆ, ಜೊತೆಗೆ ದಾರಿ ತೋರುವವರು ಬಂದ ಮೇಲೆ ಅದು 70ಕ್ಕೆ ಏರಿತು. ನಮ್ಮಲ್ಲೂ ಮುಂಬಯಿಯ ಟಾಟಾ ಮೆಮೋರಿಯಲ್‌ನವರು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಜೊತೆ ಸೇರಿ ಇಂಥವರಿಗಾಗಿಯೇ ಒಂದು ವರ್ಷದ ಕೋರ್ಸು ತೆಗೆದಿದ್ದಾರೆ. ರಾಮನನ್ನು ಹೊಳೆ ದಾಟಿಸಿದ ಕೇವಟನ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅಂಬಿಗನ ವಿಷಯದಲ್ಲಿ ನಾವು ಮುಂಬಯಿಯವರಿಂದ ಕಲಿಯಬೇಕಾಗಿ ಬಂತಲ್ಲ! ವಚನಕಾರ ಅಂಬಿಗರ ಚೌಡಯ್ಯನ ಚೌಡದಾನಪುರ ನಮ್ಮ ತುಂಗಭದ್ರೆಯ ದಂಡೆಯಲ್ಲಿ, ರಾಣೆಬೆನ್ನೂರು ತಾಲೂಕಿನಲ್ಲಿದೆ. ವರದೆ ಬಂದು ತುಂಗಭದ್ರೆಗೆ ಸೇರುವ ಗಳಗನಾಥಕ್ಕೂ ಅದು ದೂರವಲ್ಲ. ಆ ನಿಷ್ಠುರಿ ಇಂದು ಹೊರರೋಗಿ ವಿಭಾಗದ ಪಾಳಿಯಲ್ಲಿ ಅರ್ಧ ದಿನ ನಿಂತಿದ್ದರೆ ಏನೆನ್ನುತ್ತಿದ್ದನೋ, ಅದನ್ನು ಯಾವ ಪತ್ರಿಕೆಯೂ ಅಚ್ಚು ಹಾಕುತ್ತಿರಲಿಲ್ಲ.

ನರ್ಸುಗಳಿಗೆ ಇದೆಲ್ಲ ತಿಳಿಯದು ಎಂದಲ್ಲ. ಯಾರ ಹಲ್ಲು, ಯಾರ ರಕ್ತ, ಯಾರು ಎರಡನೇ ಕಿಮೊಗೆ ಬರದೆ ತಪ್ಪಿಸಿಕೊಂಡರು ಎಂಬುದು ಡಾಕ್ಟರರಿಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ. ಆದರೆ ಅವರ ಕೈಯಲ್ಲಿ ರಿಜಿಸ್ಟರಿದೆ. ಸ್ಟಾಫ್ ನರ್ಸ್ ಎಂಬ ಹೆಸರು ಹೋಗಿ ಶುಶ್ರೂಷಾಧಿಕಾರಿ ಎಂದಾಯಿತು, ರಿಜಿಸ್ಟರು ಮಾತ್ರ ಕೈಬಿಡಲಿಲ್ಲ.

ಹೋಗಲಿ, ನಾಳೆ ಸರಕಾರ ಮನಸ್ಸು ಮಾಡಿ ಹುದ್ದೆ ಮಂಜೂರು ಮಾಡಿತು ಎನ್ನೋಣ. ಆದೇಶ ಹೇಗಿರುತ್ತದೆಂದು ನಾನೇ ಹೇಳಬಲ್ಲೆ. ಜಿಲ್ಲೆಗೊಂದು ಹುದ್ದೆ, ಹೊರಗುತ್ತಿಗೆ, ಹನ್ನೊಂದು ತಿಂಗಳಿಗೆ. ಕರ್ತವ್ಯಗಳು: ದಿನವೂ ಪೋರ್ಟಲಿಗೆ ಅಂಕಿಅಂಶ ಏರಿಸುವುದು, ಸಚಿವರು ಬಂದಾಗ ಹಾರ ತರಿಸುವುದು, ಪೋಲಿಯೊ ಭಾನುವಾರ ಬೂತಿನಲ್ಲಿ ಇರುವುದು, ಚುನಾವಣೆ ಬಂದರೆ ಇನ್ನೊಂದು ಬೂತಿನಲ್ಲಿ ಇರುವುದು, ಮೇಲಧಿಕಾರಿಗಳು ಕಾಲಕಾಲಕ್ಕೆ ಹೇಳುವ ಇತರ ಕೆಲಸ ಮಾಡುವುದು, ಸಮಯ ಉಳಿದರೆ ರೋಗಿಗಳಿಗೆ ದಾರಿ ತೋರಿಸುವುದು. ಅರ್ಜಿ ಯಾವ ಕೋಣೆಯಲ್ಲಿ ಕೊಡಬೇಕು ಎಂದು ಕೇಳಬೇಡಿ. ಚಾದಂಗಡಿಯವನನ್ನು ವಿಚಾರಿಸಿ.