ಶ್ರೀಮಾನ್ ನಿಲ್ ಇ.ಸಿ. ಅವರಿಗೆ ಅಭಿನಂದನೆ

ವೇದಿಕೆ ಮೇಲಿರುವ ಬ್ರೋಕರ್ ಮಹಾಶಯರೇ, ಅಡ್ವಾನ್ಸ್ ಕೊಟ್ಟು ಮುಂದಿನ ಸಾಲಿನಲ್ಲಿ ಕುಳಿತಿರುವ ಬಂಧುಗಳೇ,

ಇವತ್ತು ನಾವು ಶಾಲು ಹೊದಿಸಿ, ಮೈಸೂರು ಪೇಟ ತೊಡಿಸುತ್ತಿರುವುದು ಒಂದು ಹಾಳೆಗೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಕುಲದೀಪಕರು, ಫಾರಂ 16 ಎಂದು ಖ್ಯಾತರಾದವರು, ಬೆಂಗಳೂರಿನ ಸುತ್ತಮುತ್ತ ಸೈಟು ಮಾರುವವರೆಲ್ಲ ಜೇಬಿನಿಂದ ಮೊದಲು ತೆಗೆದು ತೋರಿಸುವ ಋಣಭಾರ ಪ್ರಮಾಣಪತ್ರ. ಇವರ ಅಣ್ಣ ಫಾರಂ 15 ಕೂಡ ಬಂದಿದ್ದಾರೆ. ಯಾರು ಕೊಂಡರು, ಯಾರು ಮಾರಿದರು, ಯಾವ ಬ್ಯಾಂಕಿಗೆ ಅಡವಿಟ್ಟರು ಎಂದು ಎಲ್ಲವನ್ನೂ ಬಾಯಿಬಿಡುವ ಸ್ವಭಾವ ಅವರದು. ಹಾಗಾಗಿ ವೇದಿಕೆಗೆ ಕರೆದಿಲ್ಲ.

ಸನ್ಮಾನಿತರು ಮಿತಭಾಷಿಗಳು. ಕೇಳಿದ ಸೈಟು, ಕೇಳಿದ ವರ್ಷ, ಅಷ್ಟಕ್ಕೇ ಉತ್ತರ. ಅರ್ಜಿಯಲ್ಲಿ ಆಸ್ತಿಯ ವಿವರವನ್ನೇ ತಪ್ಪು ಬರೆದಿದ್ದರೂ ಅದೇ ಪ್ರಸನ್ನವದನದಿಂದ 'ನಿಲ್' ಎಂದಾರು. ನೋಂದಣಿಯಾಗದ ಉಯಿಲು, ನೋಟರಿ ಮುಂದೆ ಆದ ಕರಾರು, ಕೋರ್ಟಿನಲ್ಲಿ ಎಳೆದಾಡುತ್ತಿರುವ ಪಾಲಿನ ದಾವೆ, ಇವು ಯಾವುವೂ ಅವರ ಕಿವಿಗೆ ಬಿದ್ದಿರುವುದಿಲ್ಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಮಾರಿದರೆ ಕ್ರಯವೇ ಅಸಿಂಧು ಎನ್ನುತ್ತದೆ 1978ರ ಪಿ.ಟಿ.ಸಿ.ಎಲ್. ಕಾಯ್ದೆ. ಅಂಥ ಜಮೀನಿನಲ್ಲೇ ಲೇಔಟ್ ಎದ್ದಿದ್ದರೂ ಆ ಮಾತೆತ್ತಿ ಇವರು ಯಾರ ಮನಸ್ಸನ್ನೂ ನೋಯಿಸಿದವರಲ್ಲ. ರಾಜಕಾಲುವೆಯಂತೂ ಇವರ ಇಲಾಖೆಯದ್ದೇ ಅಲ್ಲ. ಸೈಟಿನ ಮೇಲೆ ನಿಂತು ಮೊಬೈಲಿನಲ್ಲಿ ದಿಶಾಂಕ್ ಆಪ್ ತೆರೆದರೆ ಕಾಲಡಿಯ ಸರ್ವೆ ನಂಬರೂ ಹಳೇ ನಕ್ಷೆಯ ಹಳ್ಳವೂ ಕಾಣಿಸುತ್ತವಂತೆ. ಶುಭ ಸಮಾರಂಭದಲ್ಲಿ ಅದೆಲ್ಲ ಯಾಕೆ ಬಿಡಿ.

ಈಗ ತಾನೇ ಸೈಟಿನ ಮಾಲೀಕರು ಇದೇ ಮೈಕಿನಲ್ಲಿ ಹೇಳಿದರು: "8 ವರ್ಷದ ಹಿಂದೆ ನಾನೇ ಕೊಂಡಿದ್ದು ಸಾರ್. 13 ವರ್ಷದ ಇ.ಸಿ. ತೆಗೆಸಿದ್ದೀನಿ, ಕ್ಲೀನ್ ನಿಲ್!" ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಕೊನೇ ಸಾಲಿನ ಅಜ್ಜಿಯೊಬ್ಬರು ಮಾತ್ರ, "ಅಲ್ಲ ಕಣಪ್ಪ, ನೀನು ಕೊಂಡ ಕ್ರಯಪತ್ರನಾದ್ರೂ ಅದರಲ್ಲಿ ಇರಬೇಕಿತ್ತಲ್ವಾ?" ಎಂದುಬಿಟ್ಟರು. ಅವರಿಗೆ ಕಾಫಿ ಕೊಟ್ಟು ಕೂರಿಸಲಾಗಿದೆ.

ಇನ್ನು ಹಾರಾರ್ಪಣೆ. ಭಾಗಪತ್ರಕ್ಕೆ ಸಹಿ ಹಾಕದಿದ್ದ ಮೂಲ ಮಾಲೀಕರ ಅಕ್ಕಂದಿರಿಬ್ಬರು ವಕೀಲರ ಜೊತೆ ಬಾಗಿಲಿಗೆ ಬಂದಿದ್ದಾರೆ ಎಂದು ಚೀಟಿ ಬಂದಿದೆ. ಕೈಯಲ್ಲಿ ಸ್ಟೇ ಆರ್ಡರ್ ಇದೆಯಂತೆ. ಸೌಂಡ್ ಸಿಸ್ಟಮ್‌ನವರೇ, ಸ್ವಲ್ಪ ನಾದಸ್ವರ ಹಾಕಿ.