ಬೀಜ ಎಲ್ಲಿ ತಂದ್ರಿ?

ತಾರಸಿಯ ಮೇಲೆ ನಾಲ್ಕು ಕುಂಡ ಇಟ್ಟವರಿಗೆಲ್ಲ ಬೀಜದ ವಿಷಯದಲ್ಲಿ ಒಂದೊಂದು ಪಂಥ. ಅಂಗಡಿ ಪಂಥದವರು ಪೊಟ್ಟಣದ ಚಿತ್ರಕ್ಕೇ ಮರುಳು. ಅದರ ಮೇಲಿನ ಬದನೆಕಾಯಿಗಿರುವ ಮಿರುಗು ಮದುವೆ ಆಲ್ಬಮ್ಮಿನ ವರನಿಗೂ ಇರುವುದಿಲ್ಲ. ಆನ್‌ಲೈನ್ ಪಂಥದವರು ನೀಲಿ ಸ್ಟ್ರಾಬೆರಿ ಬೀಜವನ್ನೂ ತರಿಸಿಯಾರು. ಅಂಥ ಹಣ್ಣು ಲೋಕದಲ್ಲೇ ಇಲ್ಲ ಎಂಬುದು ಅವರ ಪಾಲಿಗೆ ಚಿಲ್ಲರೆ ಅಡ್ಡಿ.

ನನ್ನ ಒಲವು ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಡೆಗೆ. ಅವರ ‘ಅರ್ಕಾ ಅನಾಮಿಕಾ’ ಬೆಂಡೆ, ಎಲೆಯ ನರವೆಲ್ಲ ಹಳದಿಯಾಗುವ ನಂಜುರೋಗವನ್ನು ತಡೆಯಲೆಂದೇ ಹುಟ್ಟಿದ ತಳಿ. ಇನ್ನು ಪೊಟ್ಟಣದಲ್ಲಿ ಎಫ್‌-1 ಎಂದಿದ್ದರೆ ಅದು ಹೈಬ್ರಿಡ್. ಅದರ ಕಾಯಿಂದ ಬೀಜ ಎತ್ತಿಟ್ಟು ಬಿತ್ತಿದರೆ ಮಕ್ಕಳೆಲ್ಲ ಅಪ್ಪನಂತೆ ಇರುವುದಿಲ್ಲ, ಕೆಲವು ಯಾರಂತೆಯೂ ಇರುವುದಿಲ್ಲ! ವರ್ಷವರ್ಷ ಬೀಜ ಕೂಡಿಡುವ ಆಸೆಯಿದ್ದರೆ ನಾಟಿ ತಳಿಯೇ ಸರಿ. ಬೀಜಕ್ಕೆ ಬೂದಿ ಸವರಿ ಡಬ್ಬಿಯಲ್ಲಿಡುವ ಅಜ್ಜಿಯೊಬ್ಬರು ಬೀದಿಯಲ್ಲಿದ್ದರೆ ಅವರ ಸ್ನೇಹ ಬೆಳೆಸಿ. ಬಿಲ್ಲು ಕೊಡುವುದಿಲ್ಲ, ಬೈಗುಳ ಉಚಿತ.

ಎಲ್ಲೇ ಕೊಳ್ಳಿ, ಪೊಟ್ಟಣವನ್ನೊಮ್ಮೆ ತಿರುಗಿಸಿ ಪರೀಕ್ಷೆಯ ದಿನಾಂಕ, ಮೊಳಕೆಯ ಶೇಕಡಾವಾರು ಓದಿ. ಈರುಳ್ಳಿ ಬೀಜವಂತೂ ವರ್ಷ ಕಳೆದದ್ದಾದರೆ ಪುಕ್ಕಟೆ ಕೊಟ್ಟರೂ ಬೇಡ.