ಅಳಿಯ ಮತ್ತು ಮಗಳ ಗಂಡ: ಒಂದು ಶಾಸ್ತ್ರೀಯ ವಿವೇಚನೆ

ವಿಷಯ: 'ಅಳಿಯ ಅಲ್ಲ, ಮಗಳ ಗಂಡ' ಎಂದು ಗೇಲಿ ಮಾಡುತ್ತಾ ಕನ್ನಡ ನಾಡು ಇಬ್ಬರೂ ಒಬ್ಬನೇ ಎಂದು ನಂಬಿಕೊಂಡು ಬಂದಿದೆ. ಇದು ಶುದ್ಧ ಅವಿದ್ಯೆ. ಇವು ಎರಡು ಪ್ರತ್ಯೇಕ ಹುದ್ದೆಗಳು. ಅರ್ಹತೆ ಬೇರೆ, ಮೇಲಧಿಕಾರಿಯೂ ಬೇರೆ. ಈ ಪ್ರಮೇಯದ ಸಾಧನೆಗೆ 1965ರ ಬ್ರಿಟಿಷ್ ಚಿತ್ರ 'ಲೈಫ್ ಅಟ್ ದ ಟಾಪ್' ಆಕರ.

ಪೂರ್ವಕಾಂಡ: 1959ರ 'ರೂಮ್ ಅಟ್ ದ ಟಾಪ್'. ಬಡ ಗುಮಾಸ್ತ ಜೋ ಲ್ಯಾಂಪ್ಟನ್ ಯಾರ್ಕ್‌ಶೈರಿನ ಗಿರಣಿ ಮಾಲೀಕ ಬ್ರೌನ್ ಸಾಹುಕಾರರ ಮಗಳು ಸೂಸನ್‌ಳ ಕೈಹಿಡಿಯುತ್ತಾನೆ. ಮನಸಾರೆ ಪ್ರೀತಿಸಿದ್ದ ಆಲಿಸ್ ಅಷ್ಟರಲ್ಲಿ ಕಾರು ಅಪಘಾತದಲ್ಲಿ ಸತ್ತಿದ್ದಾಳೆ. ಮದುವೆ ಮುಗಿಸಿ ಕಾರು ಹತ್ತಿದ ವರನ ಕಣ್ಣಲ್ಲಿ ನೀರು. ಪಕ್ಕದಲ್ಲಿ ಕೂತ ವಧು ಅದನ್ನು ಮದುವೆಯ ಸಂಭ್ರಮದ ಲೆಕ್ಕಕ್ಕೆ ಹಾಕುತ್ತಾಳೆ. ವಿದ್ವಾಂಸರು ಗಮನಿಸತಕ್ಕದ್ದು: ಅಳಿಯನ ನೇಮಕಾತಿಯಾದ ಗಳಿಗೆಯಲ್ಲೇ ಗಂಡನ ಹುದ್ದೆ ಖಾಲಿ ಬಿದ್ದಿದೆ.

ಉತ್ತರಕಾಂಡ: ಹತ್ತು ವರ್ಷ ಕಳೆದಿದೆ. ಜೋಗೆ ಮಾವನ ಗಿರಣಿಯಲ್ಲಿ ದೊಡ್ಡ ಕುರ್ಚಿ, ಇಬ್ಬರು ಮಕ್ಕಳು, ಊರಲ್ಲಿ ಮರ್ಯಾದೆ. ಖಾಲಿ ಹುದ್ದೆಗೆ ಮಾತ್ರ ಸೂಸನ್ ಮಾರ್ಕ್ ಎಂಬ ಸ್ನೇಹಿತನನ್ನು ಹಂಗಾಮಿಯಾಗಿ ನೇಮಿಸಿಕೊಂಡಿದ್ದಾಳೆ. ಇದು ಗೊತ್ತಾದ ಜೋ, ಟಿವಿಯಲ್ಲಿ ಕೆಲಸ ಮಾಡುವ ನೋರಾಳ ಹಿಂದೆ ಲಂಡನ್‌ಗೆ ಹೊರಡುತ್ತಾನೆ. ಅಲ್ಲಿ ಕೆಲಸ ಕೇಳಿಕೊಂಡು ಅಲೆದರೆ, ಮಾವನ ಗಿರಣಿಯ ಅನುಭವಕ್ಕೆ ಮೂರು ಕಾಸಿನ ಬೆಲೆಯಿಲ್ಲ. ಇಲ್ಲಿಂದ ಮೊದಲ ಸೂತ್ರ ಸಿದ್ಧಿಸುತ್ತದೆ: ಅಳಿಯತನ ವರ್ಗಾವಣೆಗೆ ಬಾರದ ಹುದ್ದೆ. ಜೋ ತೆಪ್ಪಗೆ ಊರಿಗೆ ಮರಳುತ್ತಾನೆ, ಹೆಂಡತಿಗೂ ಗಿರಣಿಗೂ.

ಪೂರ್ವಪಕ್ಷ: ಎರಡೂ ಚಿತ್ರಗಳ ಮೂಲ ಜಾನ್ ಬ್ರೇನ್ ಕಾದಂಬರಿಗಳು, ಸಿಟ್ಟಿನ ತರುಣರ ಪಂಥಕ್ಕೆ ಸೇರಿದವನು ಆತ, ಆದ್ದರಿಂದ ಇದು ವರ್ಗಸಂಘರ್ಷದ ಕತೆ, ಮಾವ ನೆಪಮಾತ್ರ ಎಂದು ಕೆಲವರು ತಕರಾರು ತೆಗೆದಾರು.

ಖಂಡನೆ: ಪಾತ್ರವರ್ಗದ ಪಟ್ಟಿ ನೋಡಿಕೊಳ್ಳಿ. ಮೊದಲ ಚಿತ್ರದ ಸೂಸನ್ ಹೆದರ್ ಸಿಯರ್ಸ್; ಎರಡನೆಯದರಲ್ಲಿ ಜೀನ್ ಸಿಮನ್ಸ್. ನಿರ್ದೇಶಕರೂ ಬದಲು, ಜ್ಯಾಕ್ ಕ್ಲೇಟನ್ ಜಾಗಕ್ಕೆ ಟೆಡ್ ಕಾಚೆಫ್. ಆದರೆ ಜೋ ಮಾತ್ರ ಅದೇ ಲಾರೆನ್ಸ್ ಹಾರ್ವೆ, ಮಾವ ಅದೇ ಡೊನಾಲ್ಡ್ ವೊಲ್ಫಿಟ್. ಕೈಹಿಡಿದ ಹೆಂಡತಿ ಪೂರ್ತಿ ಬೇರೆ ಹೆಂಗಸಾದರೂ ಜೋಗೆ ಅದರ ಸುಳಿವೇ ಹತ್ತಿದಂತಿಲ್ಲ. ಮಾವ ಬದಲಾಗಿದ್ದರೆ ಮೊದಲ ದೃಶ್ಯದಲ್ಲೇ ಎದ್ದು ನಿಲ್ಲುತ್ತಿದ್ದ.

ಸಿದ್ಧಾಂತ: ಏಣಿ ಹತ್ತುವವನ ಮದುವೆಯಲ್ಲಿ ಗಟ್ಟಿಯಾಗಿ ಉಳಿಯುವುದು ಮಾವ–ಅಳಿಯರ ಸಂಬಂಧ, ದಾಂಪತ್ಯ ಅದರ ಖರ್ಚಿನ ಬಾಬ್ತು.

ಅನುಬಂಧ: ವೊಲ್ಫಿಟ್ 1968ರಲ್ಲಿ ತೀರಿಕೊಂಡರು. 1973ರಲ್ಲಿ ಜೋನ ಕತೆ 'ಮ್ಯಾನ್ ಅಟ್ ದ ಟಾಪ್' ಎಂದು ಮತ್ತೆ ತೆರೆಗೆ ಬಂದಾಗ ಜೋ ಆಗಿ ನಿಂತವನು ಕೆನೆತ್ ಹೇಗ್ ಎಂಬ ಬೇರೆ ನಟ. ಮಾವನೇ ಇಲ್ಲದ ಮೇಲೆ ಹಳೆಯ ಅಳಿಯನನ್ನು ಇಟ್ಟುಕೊಳ್ಳುವವರಾದರೂ ಯಾರು?